ಮುಚ್ಚಿದ ಅಂಗಡಿ ಮನೆಯಾಗಬಲ್ಲದೆ?

ಮಕ್ಕಳೇ, ಬಸ್ ನಿಲ್ದಾಣದ ಹತ್ತಿರ ಸಾಲಾಗಿ ಕಟ್ಟಿದ ಅಂಗಡಿ ಮಳಿಗೆಗಳನ್ನು ನೀವೆಲ್ಲ ನೋಡಿದ್ದೀರಿ. ಮೂರು ಕಡೆ ಗೋಡೆ, ಮುಂದುಗಡೆ ಕಬ್ಬಿಣದ ಷಟರ್. ಷಟರ್ ಮೇಲೆತ್ತಿದಾಗ ಒಳಗೆ ಬೇಕಾದಷ್ಟು ಬೆಳಕು. ಮಧ್ಯಾಹ್ನ ಅಂಗಡಿಯವರು ಊಟಕ್ಕೆ ಹೊರಟು ಷಟರ್ ಎಳೆದರೆ? ಹೊರಗೆ ಸುಡುಬಿಸಿಲಿದ್ದರೂ ಒಳಗೆ ಗವ್ವೆನ್ನುವ ಕತ್ತಲೆ. ಸ್ವಲ್ಪ ಹೊತ್ತಿನಲ್ಲೇ ಸೆಕೆ. ನೀರು ಹಿಡಿಯಲು ನಲ್ಲಿಯಿಲ್ಲ, ಸ್ನಾನಕ್ಕೆ ಬಚ್ಚಲಿಲ್ಲ.

ಈಗ ಒಂದು ಪ್ರಶ್ನೆ. ಅಂಥ ಮಳಿಗೆಯೊಂದು ವ್ಯಾಪಾರವಿಲ್ಲದೆ ಖಾಲಿ ಬಿದ್ದಿದೆ ಎಂದುಕೊಳ್ಳಿ. ಅದೇ ಊರಿನಲ್ಲಿ ಒಂದು ಕುಟುಂಬಕ್ಕೆ ಇರಲು ಮನೆಯಿಲ್ಲ. ಆ ಕುಟುಂಬ ಆ ಮಳಿಗೆಯಲ್ಲಿ ವಾಸ ಮಾಡಬಹುದೆ? 'ಗೋಡೆ ಇದೆ, ಚಾವಣಿ ಇದೆ, ಇನ್ನೇನು ಬೇಕು?' ಎಂದು ಕೆಲವರು ಕೇಳಬಹುದು. ಇನ್ನೇನು ಬೇಕು ಎಂಬುದನ್ನೇ ನಾವು ಇಲ್ಲಿ ನೋಡೋಣ. ಉತ್ತರ ನಿಮ್ಮ ವಿಜ್ಞಾನ ಪುಸ್ತಕದಲ್ಲೇ ಇದೆ. ಬೆಳಕು, ಗಾಳಿ, ನೀರು, ಭಾರ - ಈ ಪಾಠಗಳನ್ನು ಸ್ವಲ್ಪ ನೆನಪು ಮಾಡಿಕೊಂಡರೆ ಸಾಕು.

ಅಂಗಡಿಗಳು ಖಾಲಿಯಾದದ್ದೇಕೆ?

ಇದು ಬರಿಯ ಊಹೆಯ ಪ್ರಶ್ನೆಯಲ್ಲ. ಅಮೆರಿಕದ ಅನೇಕ ಊರುಗಳಲ್ಲಿ ಈ ಪ್ರಶ್ನೆ ನಿಜವಾಗಿಯೇ ಎದ್ದಿದೆ. ಅಲ್ಲಿ ಕಳೆದ ಶತಮಾನದಲ್ಲಿ ಮಾಲ್ ಎಂದು ಕರೆಯುವ ದೊಡ್ಡ ದೊಡ್ಡ ಅಂಗಡಿ ಸಮುಚ್ಚಯಗಳನ್ನು ಕಟ್ಟಿದರು. ಬೇಕಾದ್ದಕ್ಕಿಂತ ಹೆಚ್ಚೇ ಕಟ್ಟಿದರು ಎನ್ನಬೇಕು. ಮುಂದೆ ಜನ ಮನೆಯಲ್ಲೇ ಕುಳಿತು ಅಂತರಜಾಲದ ಮೂಲಕ ಸಾಮಾನು ತರಿಸಿಕೊಳ್ಳತೊಡಗಿದರು. ಗಿರಾಕಿಗಳು ಕಡಿಮೆಯಾದರು. ಒಂದು ಕಾಲದಲ್ಲಿ ಆ ದೇಶದ ಅತಿ ದೊಡ್ಡ ಅಂಗಡಿ ಕಂಪನಿಯಾಗಿದ್ದ ಸಿಯರ್ಸ್ 2018ರ ಅಕ್ಟೋಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಹೀಗೆ ಎಷ್ಟೋ ಕಟ್ಟಡಗಳಿಗೆ ಬೀಗ ಬಿತ್ತು.

ಅದೇ ದೇಶದಲ್ಲಿ ಮನೆ ಬಾಡಿಗೆ ಮಾತ್ರ ಏರುತ್ತಲೇ ಹೋಯಿತು. 2024ರ ಜನವರಿಯ ಒಂದು ರಾತ್ರಿ ಅಲ್ಲಿನ ಸರ್ಕಾರ ಎಣಿಕೆ ಮಾಡಿಸಿದಾಗ 7,71,480 ಜನರಿಗೆ ಸ್ವಂತದ್ದಾಗಲಿ, ಬಾಡಿಗೆಯದಾಗಲಿ ಮನೆ ಇರಲಿಲ್ಲ. ಕೆಲವರು ಆಶ್ರಯಧಾಮಗಳಲ್ಲಿದ್ದರು, ಕೆಲವರು ಬೀದಿಯಲ್ಲಿದ್ದರು. ಒಂದು ಕಡೆ ಖಾಲಿ ಕಟ್ಟಡ, ಇನ್ನೊಂದು ಕಡೆ ಸೂರಿಲ್ಲದ ಜನ. ಎರಡನ್ನೂ ಜೋಡಿಸಬಾರದೇಕೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ.

ವಾಷಿಂಗ್ಟನ್ ನಗರದ ಪಕ್ಕದಲ್ಲಿ ಅಲೆಕ್ಸಾಂಡ್ರಿಯಾ ಎಂಬ ಊರಿದೆ. ಅಲ್ಲಿ 1965ರಲ್ಲಿ ತೆರೆದ ಲ್ಯಾಂಡ್‌ಮಾರ್ಕ್ ಮಾಲ್ 2017ರಲ್ಲಿ ಮುಚ್ಚಿತು. ಅದರಲ್ಲಿದ್ದ ಮೇಸೀಸ್ ಎಂಬ ದೊಡ್ಡ ಅಂಗಡಿಯೂ ಖಾಲಿಯಾಯಿತು. ಅದೇ ಊರಿನಲ್ಲಿ ಮನೆಯಿಲ್ಲದವರಿಗಾಗಿ ಕಾರ್ಪೆಂಟರ್ಸ್ ಶೆಲ್ಟರ್ ಎಂಬ ಸಂಸ್ಥೆ ಆಶ್ರಯಧಾಮ ನಡೆಸುತ್ತಿತ್ತು. ಅದರ ಹಳೆಯ ಕಟ್ಟಡವನ್ನು ಕೆಡವಿ ಹೊಸದನ್ನು ಕಟ್ಟಬೇಕಾಗಿತ್ತು. ಅಲ್ಲಿಯವರೆಗೆ ಆ ಜನರೆಲ್ಲ ಎಲ್ಲಿರಬೇಕು? 2018ರ ಜೂನ್‌ನಲ್ಲಿ ಅವರು ಮುಚ್ಚಿದ ಆ ಅಂಗಡಿಗೆ ಬಂದರು. ಸರಕು ಜೋಡಿಸಿಟ್ಟಿದ್ದ ಜಾಗದಲ್ಲಿ ಮಲಗುವ ಕೋಣೆಗಳು, ಬಚ್ಚಲುಮನೆ, ಅಡುಗೆಮನೆ ಎದ್ದವು. ನಿಮ್ಮಂಥ ಶಾಲೆಯ ಮಕ್ಕಳೂ ಅಲ್ಲಿದ್ದರು. 2020ರಲ್ಲಿ ಹೊಸ ಕಟ್ಟಡ ಸಿದ್ಧವಾಯಿತು. ಅದರಲ್ಲಿ ಆಶ್ರಯಧಾಮದ ಜೊತೆಗೆ ಕಡಿಮೆ ಆದಾಯದವರಿಗೆ ಕೈಗೆಟಕುವ ಬಾಡಿಗೆಯ 97 ಮನೆಗಳೂ ಇದ್ದವು.

ಎರಡು ವರ್ಷಕ್ಕೂ ಹೆಚ್ಚು ಕಾಲ ಅಂಗಡಿಯೊಂದು ಜನರಿಗೆ ನೆಲೆಯಾಯಿತು ಎಂದಾಯಿತು. ಆದರೆ ಅದು ತಾತ್ಕಾಲಿಕ ನೆಲೆ. ಶಾಶ್ವತವಾದ ಮನೆ ಮಾಡಬೇಕಾದರೆ ನಾಲ್ಕೈದು ಪರೀಕ್ಷೆಗಳಲ್ಲಿ ಆ ಕಟ್ಟಡ ಪಾಸಾಗಬೇಕು. ಒಂದೊಂದಾಗಿ ನೋಡೋಣ.

ಮೊದಲ ಪರೀಕ್ಷೆ: ಬೆಳಕು

ದೊಡ್ಡ ಅಂಗಡಿಗಳಿಗೆ ಕಿಟಕಿ ಬಹಳ ಕಡಿಮೆ. ಏಕೆ? ಗೋಡೆಯ ಉದ್ದಕ್ಕೂ ಸರಕು ಜೋಡಿಸಬೇಕು. ಬಿಸಿಲು ಬಿದ್ದರೆ ಬಟ್ಟೆಯ ಬಣ್ಣ ಮಾಸುತ್ತದೆ. ಆದ್ದರಿಂದ ಇಡೀ ದಿನ ವಿದ್ಯುದ್ದೀಪಗಳನ್ನೇ ಉರಿಸುತ್ತಾರೆ. ಗಿರಾಕಿ ಅರ್ಧ ಗಂಟೆ ಇದ್ದು ಹೋಗುತ್ತಾನೆ, ಅವನಿಗೆ ತೊಂದರೆಯಿಲ್ಲ. ಆದರೆ ಅಲ್ಲೇ ಹುಟ್ಟಿ ಬೆಳೆಯುವ ಮಗುವಿಗೆ?

'ಗೋಡೆ ಒಡೆದು ಕಿಟಕಿ ಇಟ್ಟರಾಯಿತು' ಎನ್ನುತ್ತೀರಿ. ಸರಿ. ಆದರೆ ಕಿಟಕಿಯ ಬೆಳಕು ಎಷ್ಟು ದೂರ ಹೋಗುತ್ತದೆ? ನಿಮ್ಮ ತರಗತಿಯಲ್ಲೇ ನೋಡಿ. ಕಿಟಕಿಯ ಪಕ್ಕ ಕುಳಿತರೆ ಆಕಾಶದ ದೊಡ್ಡ ತುಂಡು ಕಾಣುತ್ತದೆ. ಹಿಂದೆ ಹಿಂದೆ ಸರಿದಂತೆ ಕಾಣುವ ಆಕಾಶ ಕಿರಿದಾಗುತ್ತದೆ. ಬೆಳಕು ನೇರ ರೇಖೆಯಲ್ಲಿ ಸಾಗುವುದರಿಂದ, ಆಕಾಶ ಎಷ್ಟು ಕಾಣುತ್ತದೋ ಅಷ್ಟೇ ಬೆಳಕು ಅಲ್ಲಿಗೆ ನೇರವಾಗಿ ಬರುತ್ತದೆ. ಉಳಿದದ್ದು ಗೋಡೆಗಳಿಂದ ಪ್ರತಿಫಲಿಸಿ ಬರಬೇಕು. ಕಿಟಕಿಯಿಂದ 7.5 ಮೀಟರ್‌ಗಿಂತ ಆಚೆಗಿನ ಭಾಗಕ್ಕೆ ಬೆಳಕು ಸಿಗುವುದಿಲ್ಲವೆಂದೇ ಲೆಕ್ಕ ಹಿಡಿಯಬೇಕು ಎಂದು ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ.

ಈಗ ಒಂದು ಲೆಕ್ಕ ಮಾಡೋಣ. ಒಂದೊಂದು ಬದಿಯೂ 60 ಮೀಟರ್ ಇರುವ ಚೌಕಾಕಾರದ ಅಂಗಡಿ ಇದೆ ಎನ್ನಿ. ಅದರ ವಿಸ್ತೀರ್ಣ 60 × 60 = 3600 ಚದರ ಮೀಟರ್. ನಾಲ್ಕೂ ಗೋಡೆಗಳ ಉದ್ದಕ್ಕೂ ಕಿಟಕಿ ಇಟ್ಟೆವು. ಪ್ರತಿಯೊಂದು ಗೋಡೆಯಿಂದ 7.5 ಮೀಟರ್ ಒಳಗಿನವರೆಗೆ ಬೆಳಕು ಬಂತು. ನಡುವೆ ಕತ್ತಲಾಗಿ ಉಳಿದ ಚೌಕದ ಬದಿ 60 - 15 = 45 ಮೀಟರ್. ಅದರ ವಿಸ್ತೀರ್ಣ 2025 ಚದರ ಮೀಟರ್. ಅಂದರೆ ಎಲ್ಲ ಗೋಡೆಗಳಿಗೂ ಕಿಟಕಿ ಇಟ್ಟರೂ ಅರ್ಧಕ್ಕಿಂತ ಹೆಚ್ಚು ಭಾಗ ಕತ್ತಲೆ!

ಇದಕ್ಕೆ ಪರಿಹಾರವೇನು? ನಮ್ಮ ಹಿರಿಯರ ತೊಟ್ಟಿ ಮನೆಯನ್ನು ನೆನಪು ಮಾಡಿಕೊಳ್ಳಿ. ನಾಲ್ಕು ಕಡೆ ಪಡಸಾಲೆ, ಕೋಣೆಗಳು. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ. ಮಳೆ, ಬಿಸಿಲು, ಬೆಳದಿಂಗಳು ಎಲ್ಲವೂ ಮನೆಯ ನಡುಮಧ್ಯಕ್ಕೇ ಬರುತ್ತಿದ್ದವು. ದೊಡ್ಡ ಅಂಗಡಿಯನ್ನು ಮನೆ ಮಾಡುವ ಇಂಜಿನಿಯರುಗಳು ಮಾಡುವ ಉಪಾಯವೂ ಇದೇ. ಕಟ್ಟಡದ ನಡುವಿನ ಚಾವಣಿ ತೆಗೆದು ಅಂಗಳ ಮಾಡುತ್ತಾರೆ.

ನಮ್ಮ ಲೆಕ್ಕದ ಅಂಗಡಿಯ ನಡುವೆ 30 ಮೀಟರ್ ಬದಿಯ ಚೌಕಾಕಾರದ ಅಂಗಳ ತೆರೆದರೆ ಏನಾಗುತ್ತದೆ? ಸುತ್ತ 15 ಮೀಟರ್ ಅಗಲದ ಪಟ್ಟಿ ಉಳಿಯುತ್ತದೆ. ಅದಕ್ಕೆ ಹೊರಗಿನಿಂದ 7.5 ಮೀಟರ್, ಅಂಗಳದ ಕಡೆಯಿಂದ 7.5 ಮೀಟರ್ ಬೆಳಕು. ಕಳೆದುಕೊಂಡದ್ದು 900 ಚದರ ಮೀಟರ್, ಅಂದರೆ ಕಾಲು ಭಾಗ ಮಾತ್ರ. ಉಳಿದದ್ದರಲ್ಲಿ ನಾಲ್ಕು ಮೂಲೆಗಳ ಸ್ವಲ್ಪ ಸ್ವಲ್ಪ ಭಾಗ ಬಿಟ್ಟರೆ ಎಲ್ಲ ಕಡೆಯೂ ಬೆಳಕು. ಆ ಮೂಲೆಗಳಲ್ಲಿ ಮೆಟ್ಟಿಲು, ಉಗ್ರಾಣ ಇಡಬಹುದು. ಬಿಟ್ಟುಕೊಟ್ಟದ್ದರಿಂದಲೇ ಉಳಿದದ್ದು ಉಪಯೋಗಕ್ಕೆ ಬಂತು, ಅಲ್ಲವೆ?

ಎರಡನೆಯ ಪರೀಕ್ಷೆ: ಗಾಳಿ

ನಾವು ಒಳಗೆ ಎಳೆದುಕೊಳ್ಳುವ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಶೇಕಡ 0.04ರಷ್ಟು ಇರುತ್ತದೆ. ಹೊರಗೆ ಬಿಡುವ ಗಾಳಿಯಲ್ಲಿ ಸುಮಾರು ಶೇಕಡ 4. ಅಂದರೆ ನೂರು ಪಟ್ಟು! ಅಷ್ಟೇ ಅಲ್ಲ, ಸುಮ್ಮನೆ ಕುಳಿತ ಒಬ್ಬ ದೊಡ್ಡವರ ದೇಹ ಸುಮಾರು 100 ವ್ಯಾಟ್ ಶಾಖವನ್ನು ಹೊರಹಾಕುತ್ತದೆ. ಮುಚ್ಚಿದ ಕೋಣೆಯಲ್ಲಿ ಐದು ಜನ ಇದ್ದರೆ 500 ವ್ಯಾಟಿನ ಒಲೆಯೊಂದು ಸದಾ ಉರಿಯುತ್ತಿದ್ದಂತೆ. ಷಟರ್ ಎಳೆದ ಮಳಿಗೆಯೊಳಗೆ ಸೆಕೆಯಾಗುವುದಕ್ಕೆ ಇದೂ ಒಂದು ಕಾರಣ.

ಇದರ ಮೇಲೆ ಅಡುಗೆಯ ಹಬೆ, ಸ್ನಾನದ ಹಬೆ, ಒದ್ದೆ ಬಟ್ಟೆ. ಹೊರಹೋಗಲು ದಾರಿಯಿಲ್ಲದ ನೀರಾವಿ ತಣ್ಣನೆಯ ಗೋಡೆಗೆ ತಾಗಿ ಹನಿಯಾಗುತ್ತದೆ. ಅಲ್ಲಿ ಬೂಷ್ಟು ಬೆಳೆಯುತ್ತದೆ. ಅದು ಉಸಿರಿನ ಜೊತೆ ಒಳಗೆ ಹೋದರೆ ಕೆಮ್ಮು, ಉಬ್ಬಸ ಹೆಚ್ಚಾಗುತ್ತವೆ.

ಮಾಲ್‌ಗಳಲ್ಲಿ ದೊಡ್ಡ ಯಂತ್ರಗಳು ಇಡೀ ಸಭಾಂಗಣಕ್ಕೆ ಒಟ್ಟಾಗಿ ಗಾಳಿ ಒದಗಿಸುತ್ತವೆ. ಅದನ್ನೇ ಮನೆಗಳಿಗೂ ಉಳಿಸಿಕೊಂಡರೆ ಒಬ್ಬರ ಮನೆಯ ಒಗ್ಗರಣೆಯ ಘಾಟು ಎಲ್ಲರ ಮನೆಗೂ! ಆದ್ದರಿಂದ ಪ್ರತಿ ಮನೆಗೂ ಬೇರೆ ಬೇರೆ ಗಾಳಿಯ ದಾರಿ ಬೇಕು. ಬಿಸಿಗಾಳಿ ಮೇಲೇರುತ್ತದೆ ಎಂದು ನೀವು ಓದಿದ್ದೀರಿ. ಕೆಳಗೆ ಎದುರುಬದುರು ಕಿಟಕಿ, ಮೇಲೆ ಒಂದು ಬೆಳಕಿಂಡಿ ಇದ್ದರೆ ಯಂತ್ರವಿಲ್ಲದೆಯೂ ಗಾಳಿ ಆಡುತ್ತದೆ.

ಮೂರನೆಯ ಪರೀಕ್ಷೆ: ನೀರು

ಇಡೀ ಅಂಗಡಿಗೆ ಒಂದು ಮೂಲೆಯಲ್ಲಿ ಶೌಚಾಲಯ ಇದ್ದರೆ ಸಾಕಾಗುತ್ತಿತ್ತು. ಐವತ್ತು ಮನೆ ಮಾಡಿದರೆ ಐವತ್ತು ಅಡುಗೆಮನೆ, ಐವತ್ತು ಬಚ್ಚಲು ಬೇಕು. ನೀರನ್ನು ಒಳಗೆ ತರುವುದು ಕಷ್ಟವಲ್ಲ. ಟ್ಯಾಂಕಿನ ಒತ್ತಡ ನೀರನ್ನು ತೆಳುವಾದ ಪೈಪಿನಲ್ಲಿ ಮೇಲಕ್ಕೂ ಅಡ್ಡಕ್ಕೂ ತಳ್ಳುತ್ತದೆ. ಕಷ್ಟವಿರುವುದು ಕೊಳೆನೀರನ್ನು ಹೊರಗೆ ಕಳಿಸುವುದರಲ್ಲಿ. ಅದು ಗುರುತ್ವದಿಂದ ತಾನಾಗಿಯೇ ಹರಿಯಬೇಕು. ಹಾಗಾಗಿ ಪೈಪಿಗೆ ಇಳಿಜಾರು ಬೇಕು.

40 ಮೀಟರ್ ಉದ್ದಕ್ಕೆ 1 ಮೀಟರ್ ಇಳಿಜಾರು ಎಂದು ಲೆಕ್ಕ ಹಾಕಿ. ಬಚ್ಚಲಿನಿಂದ ಮುಖ್ಯ ಪೈಪು 20 ಮೀಟರ್ ದೂರವಿದ್ದರೆ ಪೈಪಿನ ಆ ತುದಿ ಅರ್ಧ ಮೀಟರ್ ಕೆಳಗಿರಬೇಕು. ಸಾಮಾನ್ಯ ಮನೆಯ ನೆಲದೊಳಗೆ ಅಷ್ಟು ಜಾಗ ಎಲ್ಲಿದೆ? ಅಂಗಡಿಗಳ ಒಂದು ಅನುಕೂಲ ಇಲ್ಲಿ ನೆರವಿಗೆ ಬರುತ್ತದೆ. ದೊಡ್ಡ ಅಂಗಡಿಗಳ ಚಾವಣಿ ಮನೆಯ ಚಾವಣಿಗಿಂತ ಎತ್ತರ. ಹೀಗಾಗಿ ನೆಲವನ್ನು ಸ್ವಲ್ಪ ಎತ್ತರಿಸಿ ಕೆಳಗೆ ಪೈಪು ಎಳೆಯಬಹುದು. ಎಲ್ಲ ಮಹಡಿಗಳ ಬಚ್ಚಲುಗಳನ್ನು ಒಂದರ ಮೇಲೊಂದು ಬರುವಂತೆ ಇಟ್ಟರೆ ಖರ್ಚೂ ಉಳಿಯುತ್ತದೆ.

ನಾಲ್ಕನೆಯ ಪರೀಕ್ಷೆ: ಭಾರ

ಈ ಪರೀಕ್ಷೆಯಲ್ಲಿ ಅಂಗಡಿಗೆ ಒಳ್ಳೆಯ ಅಂಕ ಬರುತ್ತದೆ. ವಾಸದ ಕೋಣೆಯ ನೆಲವು ಒಂದು ಚದರ ಮೀಟರಿಗೆ ಸುಮಾರು 200 ಕಿಲೋಗ್ರಾಂ ಭಾರ ಹೊರುವಂತಿರಬೇಕು ಎಂದು ನಮ್ಮ ದೇಶದ ಮಾನಕದಲ್ಲಿದೆ. ಅಂಗಡಿಯ ನೆಲ ಸುಮಾರು 400 ಕಿಲೋಗ್ರಾಂ ಹೊರಬೇಕು. ಸರಕಿನ ರಾಶಿ, ಗಿರಾಕಿಗಳ ಗುಂಪು ಎರಡನ್ನೂ ತಾಳಿಕೊಳ್ಳಬೇಕಲ್ಲ! ಹೀಗಾಗಿ ಅಂಗಡಿಯ ನೆಲ ಮನೆಗೆ ಬೇಕಾದ್ದಕ್ಕಿಂತ ಗಟ್ಟಿ.

ಆದರೂ ಎಚ್ಚರಿಕೆ ಬೇಕು. ಕಾಂಕ್ರೀಟಿನ ಚಾವಣಿಯೊಳಗೆ ಕಬ್ಬಿಣದ ಕಂಬಿಗಳಿರುತ್ತವೆ. ಅಂಗಳಕ್ಕಾಗಿ ಚಾವಣಿ ಕತ್ತರಿಸಿದರೆ ಕಂಬಿಗಳೂ ತುಂಡಾಗುತ್ತವೆ. ಆಗ ಸುತ್ತಲೂ ಹೊಸ ತೊಲೆ ಕೊಟ್ಟು ಭಾರವನ್ನು ಕಂಬಗಳಿಗೆ ಸಾಗಿಸಬೇಕು. ಇದು ಇಂಜಿನಿಯರು ಲೆಕ್ಕ ಹಾಕಿ ಮಾಡಬೇಕಾದ ಕೆಲಸ, ಸುತ್ತಿಗೆ ಹಿಡಿದವರೆಲ್ಲ ಮಾಡುವಂಥದ್ದಲ್ಲ.

ಐದನೆಯ ಪರೀಕ್ಷೆ ಬೆಂಕಿಯದು. ಅಂಗಡಿಗೆ ಬಂದವರು ಎಚ್ಚರವಾಗಿರುತ್ತಾರೆ, ಹೊಗೆ ಕಂಡ ಕೂಡಲೇ ಓಡುತ್ತಾರೆ. ಮನೆಯಲ್ಲಿ ಜನ ಮಲಗಿರುತ್ತಾರೆ. ಹಾಗಾಗಿ ಹೊಗೆ ಬಂದರೆ ಸದ್ದು ಮಾಡಿ ಎಬ್ಬಿಸುವ ಗಂಟೆ, ಒಂದು ದಾರಿ ಮುಚ್ಚಿದರೆ ಹೋಗಲು ಇನ್ನೊಂದು ದಾರಿ ಇರಲೇಬೇಕು.

ಗಾಜಿನ ಮಾಡಿನ ಕೆಳಗೆ 48 ಮನೆಗಳು

ಇಷ್ಟೆಲ್ಲ ಪರೀಕ್ಷೆ ದಾಟಿದ ಒಂದು ಕಟ್ಟಡದ ಕಥೆ ಕೇಳಿ. ಅಮೆರಿಕದ ಪ್ರಾವಿಡೆನ್ಸ್ ನಗರದಲ್ಲಿ 1828ರಲ್ಲಿ ಆರ್ಕೇಡ್ ಎಂಬ ಅಂಗಡಿ ಸಾಲನ್ನು ಕಟ್ಟಿದರು. ಆಗ ವಿದ್ಯುದ್ದೀಪ ಇರಲಿಲ್ಲ. ಆದ್ದರಿಂದ ನಡುವೆ ಉದ್ದಕ್ಕೂ ಓಣಿ, ಓಣಿಯ ಮೇಲೆ ಗಾಜಿನ ಮಾಡು, ಎರಡೂ ಪಕ್ಕ ಮೂರು ಅಂತಸ್ತಿನಲ್ಲಿ ಚಿಕ್ಕ ಚಿಕ್ಕ ಅಂಗಡಿಗಳು. ಮುಂಭಾಗದಲ್ಲಿ ಗ್ರಾನೈಟ್ ಕಲ್ಲಿನ ದೊಡ್ಡ ಕಂಬಗಳು.

ಕಟ್ಟಡ ಚೆಂದವಿತ್ತು. ಆದರೆ ಮೇಲಿನ ಅಂತಸ್ತುಗಳಿಗೆ ಮೆಟ್ಟಿಲು ಹತ್ತಿ ಹೋಗುವ ಗಿರಾಕಿಗಳೇ ಕಡಿಮೆ! 1944ರಲ್ಲಿ ಅದನ್ನು ಕೆಡವುವ ಮಾತು ಬಂದಾಗ ಅಂಧರ ಸಂಘವೊಂದು ಕೊಂಡು ಉಳಿಸಿತು. ಕೊನೆಗೆ 2008ರಲ್ಲಿ ಅಂಗಡಿಗಳು ಮುಚ್ಚಿದವು. 2013ರಲ್ಲಿ ಅದು ಮತ್ತೆ ತೆರೆಯಿತು. ಕೆಳಗೆ ಅಂಗಡಿಗಳು ಉಳಿದವು, ಮೇಲಿನ ಎರಡು ಅಂತಸ್ತುಗಳಲ್ಲಿ 48 ಪುಟ್ಟ ಮನೆಗಳಾದವು. ಗಾಜಿನ ಮಾಡಿನಿಂದ ಓಣಿಗೆ ಇಳಿದ ಬೆಳಕು ಓಣಿಯ ಕಡೆಗಿನ ಕಿಟಕಿಗಳಿಂದ ಮನೆಯೊಳಗೆ ಬರುತ್ತದೆ. ವಿದ್ಯುತ್ ಇಲ್ಲದ ಕಾಲದವರು ಅಂಗಡಿಗಾಗಿ ಮಾಡಿದ ಉಪಾಯ 185 ವರ್ಷಗಳ ನಂತರ ಮನೆಗೆ ಒದಗಿ ಬಂತು.

ಅತಿ ಚಿಕ್ಕ ಮನೆ 225 ಚದರ ಅಡಿ, ಅಂದರೆ ಸುಮಾರು 21 ಚದರ ಮೀಟರ್. ಆರಂಭದಲ್ಲಿ ಕಡಿಮೆ ಎಂದರೆ ತಿಂಗಳಿಗೆ 550 ಡಾಲರ್ ಬಾಡಿಗೆ. ಅಲ್ಲಿನ ಪೇಟೆಗೆ ಅದು ಅಗ್ಗವೇ. ಆದರೆ ಒಂದು ಕೊರತೆ ಇದೆ. ಈ ಮನೆಗಳಲ್ಲಿ ಒಲೆ ಇಲ್ಲ! ಮೈಕ್ರೋವೇವ್ ಪೆಟ್ಟಿಗೆಯಲ್ಲಿ ಬಿಸಿ ಮಾಡಿಕೊಳ್ಳಬೇಕು. ಒಬ್ಬರೋ ಇಬ್ಬರೋ ಇರಬಹುದು. ಅಜ್ಜಿ, ಅಪ್ಪ, ಅಮ್ಮ, ಇಬ್ಬರು ಮಕ್ಕಳಿರುವ ಕುಟುಂಬಕ್ಕೆ ಅದು ಸಾಲದು.

ಅಗ್ಗವೆಂದರೆ ಕತ್ತಲೆಯಲ್ಲ

ಇಂಗ್ಲೆಂಡಿನ ಅನುಭವದಿಂದ ಕಲಿಯುವುದಿದೆ. ಅಲ್ಲಿ 2013ರಿಂದ ಖಾಲಿ ಕಚೇರಿಗಳನ್ನು ಪೂರ್ಣ ಅನುಮತಿಯ ಗೊಡವೆಯಿಲ್ಲದೆ ಮನೆಗಳಾಗಿ ಬದಲಿಸಲು ಅವಕಾಶ ಕೊಟ್ಟರು. ಬೇಗ ಬೇಗ ಬಹಳ ಮನೆಗಳಾದವು. ಆದರೆ ಅವುಗಳಲ್ಲಿ ಕೆಲವು ತೀರಾ ಇಕ್ಕಟ್ಟಾಗಿದ್ದವು, ಕೆಲವಕ್ಕೆ ಕಿಟಕಿಯೇ ಇರಲಿಲ್ಲ. ಬೇರೆ ಮನೆ ಹಿಡಿಯಲು ಹಣವಿಲ್ಲದವರು ಅಂಥಲ್ಲೇ ಇರಬೇಕಾಯಿತು. ಜನ ಆಕ್ಷೇಪಿಸಿದರು. ವಾಸದ ಪ್ರತಿ ಕೋಣೆಗೂ ಸಾಕಷ್ಟು ಸಹಜ ಬೆಳಕು ಇರಬೇಕೆಂದು 2020ರಲ್ಲಿ ನಿಯಮ ಬಂತು. ಹೀಗೆ ಮಾಡುವ ಮನೆ ಒಬ್ಬರಿಗಾದರೂ 37 ಚದರ ಮೀಟರಿಗಿಂತ ಚಿಕ್ಕದಿರಬಾರದೆಂದು 2021ರ ಏಪ್ರಿಲ್‌ನಿಂದ ಜಾರಿಯಾಯಿತು. ಅದೇ ವರ್ಷ ಆಗಸ್ಟ್‌ನಿಂದ ಖಾಲಿ ಅಂಗಡಿಗಳನ್ನು ಮನೆ ಮಾಡುವುದಕ್ಕೂ ಇದೇ ಬಗೆಯ ಅವಕಾಶ ವಿಸ್ತರಿಸಿತು. ಪ್ರಾವಿಡೆನ್ಸಿನ 21 ಚದರ ಮೀಟರಿನ ಮನೆ ಈ ನಿಯಮದಲ್ಲಿ ಪಾಸಾಗುತ್ತದೆಯೆ? ನೀವೇ ಹೇಳಿ.

'ಇಷ್ಟೆಲ್ಲ ತಾಪತ್ರಯ ಏಕೆ? ಕೆಡವಿ ಹೊಸದಾಗಿಯೇ ಕಟ್ಟಬಹುದಲ್ಲ' ಎಂದೂ ಕೇಳಬಹುದು. ಕೆಲವೊಮ್ಮೆ ಹಾಗೆಯೇ ಮಾಡಬೇಕಾಗುತ್ತದೆ. ಅಲೆಕ್ಸಾಂಡ್ರಿಯಾದ ಆ ಮಾಲ್ ಅನ್ನು 2022ರಲ್ಲಿ ಕೆಡವತೊಡಗಿದರು. ಆದರೆ ಕೆಡವುವುದಕ್ಕೂ ಬೆಲೆಯಿದೆ. ಸಿಮೆಂಟ್ ಮಾಡಲು ಸುಣ್ಣಕಲ್ಲನ್ನು ಸುಡಬೇಕು. 100 ಕಿಲೋಗ್ರಾಂ ಶುದ್ಧ ಸುಣ್ಣಕಲ್ಲು ಸುಟ್ಟರೆ 56 ಕಿಲೋಗ್ರಾಂ ಸುಣ್ಣ ಸಿಗುತ್ತದೆ, 44 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿ ಸೇರುತ್ತದೆ. ಸುಡಲು ಬಳಸಿದ ಇಂಧನದ ಹೊಗೆ ಬೇರೆ. ಗಟ್ಟಿಯಾದ ತಳಪಾಯ, ಕಂಬ, ಚಾವಣಿ ಇರುವಾಗ ಅವನ್ನು ಉಳಿಸಿಕೊಂಡರೆ ಭೂಮಿಗೂ ಒಳ್ಳೆಯದು. ಬದಲಾವಣೆಯ ಖರ್ಚು ಮಿತಿಯಲ್ಲಿದ್ದರೆ ಬಾಡಿಗೆಯನ್ನೂ ಕಡಿಮೆ ಇಡಬಹುದು. ಒಂದೊಂದು ಕಟ್ಟಡಕ್ಕೂ ಲೆಕ್ಕ ಬೇರೆ.

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಮುಚ್ಚಿದ ಅಂಗಡಿ ಮನೆಯಾಗಬಲ್ಲದೆ? ಆಗಬಲ್ಲದು. ಆದರೆ ಗೋಡೆ, ಚಾವಣಿ ಇದ್ದ ಮಾತ್ರಕ್ಕೆ ಅಲ್ಲ. ಗಾಳಿ ಬರಬೇಕು, ಕೊಳೆನೀರು ಹೋಗಬೇಕು, ಮಲಗಿದವರಿಗೆ ಭಯವಿರಬಾರದು. ಬೆಳಗಾಯಿತೆಂದು ಒಳಗಿದ್ದವರಿಗೆ ಗಡಿಯಾರ ನೋಡದೆ ಗೊತ್ತಾಗಬೇಕು. ಬಡವರ ಮನೆ ಎಂಬ ಕಾರಣಕ್ಕೆ ಇವುಗಳಲ್ಲಿ ಒಂದನ್ನೂ ಬಿಡುವಂತಿಲ್ಲ.

ಮಾಡಿ ನೋಡಿ

1. ಮುಚ್ಚಳವಿರುವ ಒಂದು ರಟ್ಟಿನ ಪೆಟ್ಟಿಗೆ ತೆಗೆದುಕೊಳ್ಳಿ. ಒಂದು ಬದಿಯಲ್ಲಿ ಇಣುಕಿ ನೋಡಲು ಸಣ್ಣ ತೂತು, ಪಕ್ಕದ ಗೋಡೆಯಲ್ಲಿ ಒಂದು ಕಿಟಕಿ ಕತ್ತರಿಸಿ. ಅಕ್ಷರಗಳಿರುವ ಕಾಗದದ ಚೂರನ್ನು ಕಿಟಕಿಯ ಹತ್ತಿರ, ನಡುವೆ, ದೂರ ಇಟ್ಟು ಓದಲು ಪ್ರಯತ್ನಿಸಿ. ಆಮೇಲೆ ಮುಚ್ಚಳದ ನಡುವೆ ಚೌಕಾಕಾರದ ಕಿಂಡಿ ಮಾಡಿ ಮತ್ತೆ ನೋಡಿ. ಒಳಗೋಡೆಗಳಿಗೆ ಬಿಳಿ ಕಾಗದ ಅಂಟಿಸಿದರೆ ಏನು ವ್ಯತ್ಯಾಸವಾಗುತ್ತದೆ?

2. ನಿಮ್ಮ ತರಗತಿಯ ನೆಲದ ವಿಸ್ತೀರ್ಣ ಮತ್ತು ಎಲ್ಲ ಕಿಟಕಿಗಳ ಒಟ್ಟು ವಿಸ್ತೀರ್ಣ ಅಳೆಯಿರಿ. ಒಣ ಹವೆಯ ಬಿಸಿ ಪ್ರದೇಶಗಳಲ್ಲಿ ಕಿಟಕಿಗಳು ನೆಲದ ಹತ್ತನೇ ಒಂದು ಭಾಗ, ಹಸಿ ಹವೆಯ ಬಿಸಿ ಪ್ರದೇಶಗಳಲ್ಲಿ ಆರನೇ ಒಂದು ಭಾಗ ಇರಬೇಕೆಂದು ಕಟ್ಟಡ ಸಂಹಿತೆ ಹೇಳುತ್ತದೆ. ನಿಮ್ಮ ತರಗತಿ ಪಾಸೋ, ನಪಾಸೋ?

ಯೋಚಿಸಿ

1. ಹಸಿ ಹವೆಯ ಕರಾವಳಿಯಲ್ಲಿ ಒಣ ಬಯಲುಸೀಮೆಗಿಂತ ದೊಡ್ಡ ಕಿಟಕಿ ಏಕೆ ಬೇಕು?

2. ಗ್ರಾಫ್ ಹಾಳೆಯ ಮೇಲೆ 60 ಮೀಟರ್ ಅಂಗಡಿಯನ್ನೂ 30 ಮೀಟರ್ ಅಂಗಳವನ್ನೂ ಬರೆಯಿರಿ. ಮೂಲೆಗಳಲ್ಲಿ ಕತ್ತಲೆ ಉಳಿಯುವುದು ಎಲ್ಲಿ ಎಂದು ಗುರುತಿಸಿ.

3. ನಿಮ್ಮೂರಿನಲ್ಲಿ ಬಳಕೆಯಿಲ್ಲದ ಕಟ್ಟಡವೊಂದಿದ್ದರೆ ಹೊರಗಿನಿಂದ ನೋಡಿ ಬನ್ನಿ. ಒಳಗೆ ಹೋಗಬೇಡಿ. ಅದು ಮನೆಯಾಗಬೇಕಾದರೆ ಯಾವ ಪರೀಕ್ಷೆಯಲ್ಲಿ ಪಾಸಾಗುವುದು ಕಷ್ಟ ಎಂದು ತರಗತಿಯಲ್ಲಿ ಚರ್ಚಿಸಿ.